ಅಳತೆ ಬದಲಾದರೂ ಕೆಡದ ಮಾದರಿ

ಕಳೆದ ತಿಂಗಳು ಡೆಂಕಣಿಕೋಟೆಯ ನಮ್ಮ ಮನೆಗೆ ಬಂದ ಸೋದರಳಿಯನ ಮುಖ ಬಾಡಿತ್ತು. ಹೊಸೂರಿನ ಸಣ್ಣ ಕಾರ್ಖಾನೆಯೊಂದರಲ್ಲಿ ಗಣಕಯಂತ್ರದ ಮೇಲೆ ಯಂತ್ರಭಾಗಗಳ ಘನಾಕೃತಿಗಳನ್ನು ರಚಿಸುವುದು ಅವನ ಉದ್ಯೋಗ. 60 ಮಿಲಿಮೀಟರು ಅಗಲದ ಬ್ರಾಕೆಟ್ಟಿನ ಮಾದರಿಯೊಂದನ್ನು ಮಾಡಿಟ್ಟಿದ್ದ. ಗಿರಾಕಿಗಳು ಅದನ್ನೇ 80 ಮಿಲಿಮೀಟರಿಗೆ ಕೇಳಿದರು. ಅಂಕಿಯನ್ನು ತಿದ್ದಿದನು, ತಟ್ಟೆ ಅಗಲವಾಯಿತು, ಬೋಲ್ಟಿನ ತೂತುಗಳು ಮಾತ್ರ ಇದ್ದಲ್ಲಿಯೇ ಉಳಿದವು. ಎಡ ಅಂಚಿನಿಂದ 15, ಎಡ ಅಂಚಿನಿಂದ 45 ಎಂದು ಅವನ್ನು ಗುರುತಿಸಿದ್ದನಷ್ಟೆ! ಅವಸರದಲ್ಲಿ ಯಾರೂ ಗಮನಿಸಲಿಲ್ಲ. ನಲವತ್ತು ತಟ್ಟೆಗಳು ಗುಜರಿಗೆ ಹೋದವು. ಸಂಬಳದಲ್ಲಿ ಹಿಡಿಯುವ ಮಾತೂ ಬಂದಿತು.

"ಮಾವ, ನನ್ನ ಲೆಕ್ಕ ತಪ್ಪಿರಲಿಲ್ಲ" ಎಂದನು. ಅದು ನಿಜ. ತಪ್ಪಿದ್ದು ಯೋಜನೆ.

ಹೊಲಿಗೆಯಂತ್ರದ ಮುಂದೆ ಕುಳಿತಿದ್ದ ಅವನ ಅತ್ತೆಗೆ ಇದು ನಮ್ಮಿಬ್ಬರಿಗಿಂತ ಬೇಗ ಅರ್ಥವಾಯಿತು. ಹಳೆಯ ರವಿಕೆಯೊಂದನ್ನು ಬಟ್ಟೆಯ ಮೇಲೆ ಹರಡಿ ಕತ್ತರಿಸಿದರೆ ಅದು ಆ ಒಬ್ಬಳಿಗೇ ಸರಿ. ಎದೆಸುತ್ತಿನ ಕಾಲುಭಾಗಕ್ಕೆ ಇಷ್ಟು ಸೇರಿಸು ಎಂದು ಕಲಿತವಳು ಊರಿಗೆಲ್ಲ ಹೊಲಿಯಬಲ್ಲಳು. ಮೊದಲನೆಯದು ಆಕಾರದ ನಕಲು. ಎರಡನೆಯದು ಆಕಾರ ಹುಟ್ಟುವ ನಿಯಮ.

ನಮ್ಮ ಸ್ಥಪತಿಗಳೂ ಬಲ್ಲ ಸಂಗತಿಯಿದು. ನವತಾಳ ಪದ್ಧತಿಯಲ್ಲಿ ಮುಖದ ಉದ್ದವೇ ಒಂದು ತಾಳ. ತಾಳಕ್ಕೆ 12 ಅಂಗುಲ. ವಿಗ್ರಹದ ಎತ್ತರ 9 ತಾಳ, ಎಂದರೆ 108 ಅಂಗುಲ. ಈ ಅಂಗುಲ ಅಂಗಡಿಯ ಅಳತೆಪಟ್ಟಿಯದಲ್ಲ. ವಿಗ್ರಹದ ಎತ್ತರವನ್ನೇ ಭಾಗಿಸಿ ಪಡೆದದ್ದು. ಆದುದರಿಂದ ಗೇಣುದ್ದದ ಲೋಹಮೂರ್ತಿಗೂ ಆಳೆತ್ತರದ ಶಿಲಾಮೂರ್ತಿಗೂ ಪ್ರಮಾಣ ಒಂದೇ. ಗಣಕಯಂತ್ರದಲ್ಲಿ ಈ ವಿಚಾರ 1963ರಷ್ಟು ಹಿಂದೆಯೇ ತಲೆದೋರಿತು. ಅಮೆರಿಕದ ಐವಾನ್ ಸದರ್‌ಲ್ಯಾಂಡ್ ರಚಿಸಿದ ಸ್ಕೆಚ್‌ಪ್ಯಾಡ್‌ನಲ್ಲಿ ಮೂಲಚಿತ್ರವೊಂದನ್ನು ತಿದ್ದಿದರೆ ಅದರ ಪ್ರತಿಗಳೆಲ್ಲವೂ ತಾವಾಗಿ ಬದಲಾಗುತ್ತಿದ್ದವು.

ಹಾಗಾದರೆ ಯೋಜನೆಯೆಂದರೇನು? ಪರದೆಯನ್ನು ತೆರೆಯುವ ಮೊದಲು ಕಾಗದದ ಮೇಲೆ ಕೇಳಿಕೊಳ್ಳತಕ್ಕ ಪ್ರಶ್ನೆ: ನಾಳೆ ಬದಲಾಗುವುದು ಯಾವುದು? ಬ್ರಾಕೆಟ್ಟಿನ ಅಗಲ ಬದಲಾದೀತು, ದಪ್ಪ ಬದಲಾದೀತು. ಬೋಲ್ಟು ಬಹುಶಃ ಅದೇ. ಬದಲಾಗುವವಕ್ಕೆ ಹೆಸರಿಡಬೇಕು, ಉಳಿದವನ್ನು ಅವುಗಳಿಂದ ಲೆಕ್ಕ ಹಾಕಿಸಬೇಕು. ತೂತುಗಳನ್ನು ನಡುಗೆರೆಯಿಂದ ಇಬ್ಬದಿಗೂ ಸಮನಾಗಿ, ಅಂಚಿಗೆ 15 ಬಿಟ್ಟು ಇರಿಸಿದ್ದರೆ 80ರ ತಟ್ಟೆಯಲ್ಲಿ ಅವು 15ಕ್ಕೂ 65ಕ್ಕೂ ತಾವೇ ಹೋಗಿ ನಿಲ್ಲುತ್ತಿದ್ದವು. ಎಲ್ಲವನ್ನೂ ಬದಲಾಗುವಂತೆ ಮಾಡಹೊರಡುವುದೂ ಒಂದು ಹುಚ್ಚೇ. ಇಪ್ಪತ್ತು ಹೆಸರುಗಳಿರುವ ಮಾದರಿಯನ್ನು ಮಾಡಿದವನೇ ಆರು ತಿಂಗಳ ಮೇಲೆ ಗುರುತು ಹಿಡಿಯಲಾರ.

ಇನ್ನೊಂದು ತೊಡಕುಂಟು. ಯಂತ್ರವು ಅಂಚುಗಳಿಗೂ ಮುಖಗಳಿಗೂ ತಾನಾಗಿ ಸಂಖ್ಯೆ ಕೊಡುತ್ತದೆ. ಏಳನೆಯ ಅಂಚನ್ನು ದುಂಡಾಗಿಸು ಎಂದಿರುತ್ತೀರಿ. ಆಮೇಲೆ ನಡುವೆ ತೂತೊಂದು ಸೇರಿದರೆ ಏಳನೆಯದು ಬೇರೊಂದಾಗುತ್ತದೆ. ಬೀದಿಯ ಕದಸಂಖ್ಯೆ ಬದಲಾದಾಗ ಟಪಾಲು ನೆರೆಮನೆಗೆ ಹೋಗುವುದಿಲ್ಲವೇ, ಹಾಗೆ. ಉಚಿತವಾಗಿ ದೊರೆಯುವ ಫ್ರೀಕ್ಯಾಡ್ ತಂತ್ರಾಂಶ 2024ರಲ್ಲಿ ಹೊರಬಂದ ತನ್ನ 1.0 ಆವೃತ್ತಿಯಲ್ಲಿ ಈ ಕಾಟವನ್ನು ಬಹುಮಟ್ಟಿಗೆ ತಗ್ಗಿಸಿತು. ಆದರೂ ಮುಖ್ಯ ಆಕಾರವನ್ನು ಸ್ಥಿರವಾದ ನಡುಸಮತಲಗಳ ಮೇಲೆ ಕಟ್ಟಿ, ಅಂಚು ದುಂಡಾಗಿಸುವ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳುವುದೇ ಕ್ಷೇಮ.

ಅಳಿಯ ಆ ಭಾನುವಾರವೇ ಕುಳಿತು ಮಾದರಿಯನ್ನು ಬುಡದಿಂದ ಕಟ್ಟಿದನು. 60 ಸರಿಹೋಯಿತು, 80 ಸರಿಹೋಯಿತು, 120 ಕೂಡ. "40 ಹಾಕಿ ನೋಡು" ಎಂದೆನು. ತೂತುಗಳ ನಡುವಣ ದೂರ 10 ಮಿಲಿಮೀಟರಿಗೆ ಇಳಿದು, 11 ಮಿಲಿಮೀಟರು ವ್ಯಾಸದ ಆ ಎರಡೂ ಒಂದರೊಳಗೊಂದು ಬೆರೆತವು. ಇಬ್ಬರೂ ನಕ್ಕೆವು. ಅಗಲ 50ಕ್ಕಿಂತ ಕಡಿಮೆಯಾದರೆ ಒಪ್ಪಬೇಡವೆಂಬ ಕಟ್ಟಳೆಯನ್ನು ಸೇರಿಸಿ, ಅದರ ಕಾರಣವನ್ನೂ ಮಾದರಿಯ ಜೊತೆಯಲ್ಲಿಯೇ ಎರಡು ಸಾಲು ಬರೆದಿಟ್ಟನು.

ಸೋಮವಾರ ಬೆಳಗಿನ ಬಸ್ಸಿಗೆ ಹೊಸೂರಿಗೆ ಹೊರಟುಹೋದನು. ಸಂಬಳ ಹಿಡಿಯುವ ವಿಷಯ ಇನ್ನೂ ಇತ್ಯರ್ಥವಾಗಿಲ್ಲ.