ಕಾಂಕ್ರೀಟ್ ರಸ್ತೆಗಳಲ್ಲಿ ಡೌವೆಲ್ ಸರಳುಗಳ ಬಳಕೆ: ಆಲ್ಕೊಳ ಭಾಗದ ನಾಗರಿಕರ ಗಮನಕ್ಕೆ

ಶಿವಮೊಗ್ಗ ನಗರದ ಆಲ್ಕೊಳ ವೃತ್ತದಲ್ಲಿ ಎರಡು ಬಗೆಯ ರಸ್ತೆಗಳು ಸಂಧಿಸುತ್ತವೆ. ಒಂದು, ಸಾಗರದ ಮೂಲಕ ಹೊನ್ನಾವರಕ್ಕೆ ಸಾಗುವ, ಲಾರಿ ಹಾಗೂ ಬಸ್ಸುಗಳ ಭಾರವನ್ನು ಹೊರುವ ರಾಷ್ಟ್ರೀಯ ಹೆದ್ದಾರಿ. ಇನ್ನೊಂದು, ದ್ವಿಚಕ್ರ ವಾಹನ ಹಾಗೂ ಕಾರುಗಳೇ ಹೆಚ್ಚಾಗಿ ಓಡಾಡುವ ಬಡಾವಣೆಗಳ ಒಳರಸ್ತೆಗಳು. ಶಿವಮೊಗ್ಗವು 2016ರಲ್ಲಿ ಕೇಂದ್ರ ಸರ್ಕಾರದ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾಗಿರುತ್ತದೆ. ಶಿರಾಡಿ ಘಾಟಿಯ ಹೆದ್ದಾರಿಯು 2015 ಮತ್ತು 2018ರಲ್ಲಿ ಎರಡು ಹಂತಗಳಲ್ಲಿ ಕಾಂಕ್ರೀಟೀಕರಣಗೊಂಡಿದೆ. ಡಾಂಬರಿನ ಬದಲು ಕಾಂಕ್ರೀಟ್ ಬಳಸುವ ಕಾಮಗಾರಿಗಳು ಹೆಚ್ಚಿದಂತೆ, "ನಮ್ಮ ರಸ್ತೆಗೆ ಕಬ್ಬಿಣ ಏಕೆ ಹಾಕಿಲ್ಲ?" ಎಂಬ ಪ್ರಶ್ನೆ ನಾಗರಿಕರಲ್ಲಿ ಮೂಡುವುದು ಸಹಜ. ಇದಕ್ಕೆ ಎಲ್ಲ ರಸ್ತೆಗಳಿಗೂ ಒಂದೇ ಉತ್ತರವಿರುವುದಿಲ್ಲ.

ಡೌವೆಲ್ ಸರಳಿನ ಕಾರ್ಯ

ಕಾಂಕ್ರೀಟ್ ಒಣಗುವಾಗ ಕುಗ್ಗುತ್ತದೆ, ಬಿಸಿಲಿಗೆ ಹಿಗ್ಗುತ್ತದೆ. ಬಿರುಕು ಎಲ್ಲೆಂದರಲ್ಲಿ ಬೀಳದಂತೆ ಸಾಮಾನ್ಯವಾಗಿ ಪ್ರತಿ 4.5 ಮೀಟರಿಗೆ ಒಂದರಂತೆ ಅಡ್ಡಲಾಗಿ ಸಂದುಗಳನ್ನು ಕೊರೆಯಲಾಗುತ್ತದೆ. ಚಕ್ರವು ಒಂದು ಚಪ್ಪಡಿಯಿಂದ ಇನ್ನೊಂದಕ್ಕೆ ದಾಟುವಾಗ ಭಾರವನ್ನು ಎರಡಕ್ಕೂ ಹಂಚುವುದೇ ಸಂದಿನಲ್ಲಿ ಹುದುಗಿರುವ ಡೌವೆಲ್ ಸರಳಿನ ಕೆಲಸ. ಇದು ಮನೆಯ ತಾರಸಿಗೆ ಹಾಕುವ ಕಬ್ಬಿಣದಂತೆ ಚಪ್ಪಡಿಗೆ ಬಲ ನೀಡುವುದಿಲ್ಲ.

ಭಾರೀ ವಾಹನಗಳು ಸಂಚರಿಸುವ ರಸ್ತೆಯಲ್ಲಿ ಈ ಸರಳು ಇಲ್ಲದಿದ್ದಲ್ಲಿ ಪ್ರತಿ ಚಕ್ರದ ಹೊಡೆತಕ್ಕೂ ಚಪ್ಪಡಿಯ ಅಂಚು ತಗ್ಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಸಂದಿಗೆ ಇಳಿದ ನೀರು ತಳದ ಮಣ್ಣನ್ನು ಹೊರಚಿಮ್ಮಿಸುತ್ತದೆ. ಕ್ರಮೇಣ ಒಂದು ಚಪ್ಪಡಿ ಕುಸಿದು, ಸಂದಿನಲ್ಲಿ ಮೆಟ್ಟಿಲಿನಂತಹ ಏರುತಗ್ಗು ಉಂಟಾಗುತ್ತದೆ. ದ್ವಿಚಕ್ರ ವಾಹನ ಸವಾರರಿಗೆ ಇದು ಅಪಾಯಕಾರಿ.

ಒಳರಸ್ತೆಗಳಿಗೆ ಸಂಬಂಧಿಸಿದಂತೆ

ಲಘು ಸಂಚಾರದ ಒಳರಸ್ತೆಯಲ್ಲಿ ಡೌವೆಲ್ ಸರಳು ಇಲ್ಲದ ಮಾತ್ರಕ್ಕೆ ಕಾಮಗಾರಿ ಕಳಪೆಯೆಂದು ಭಾವಿಸತಕ್ಕದ್ದಲ್ಲ. ಚಪ್ಪಡಿಗಳು ಚಿಕ್ಕದಾಗಿದ್ದಲ್ಲಿ, ಸಂದಿನ ಎರಡೂ ಬದಿಯ ಜಲ್ಲಿಕಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡು ಲಘು ಭಾರವನ್ನು ಸಾಗಿಸುತ್ತವೆ. 150 ಮಿ.ಮೀ.ಗಿಂತ ತೆಳುವಾದ ಚಪ್ಪಡಿಯಲ್ಲಿ ಈ ಸರಳನ್ನು ಅಳವಡಿಸುವ ಪದ್ಧತಿಯೂ ಇರುವುದಿಲ್ಲ. ಇಂತಹ ರಸ್ತೆಗಳಲ್ಲಿ ಗಮನಿಸಬೇಕಾದುದು ತಳಪಾಯದ ಗಟ್ಟಿತನ, ಚಪ್ಪಡಿಯ ದಪ್ಪ, ಸಕಾಲದಲ್ಲಿ ಸಂದು ಕೊರೆಯುವುದು ಹಾಗೂ ನೀರುಣಿಸುವಿಕೆ.

ಮುಖ್ಯರಸ್ತೆಯ ಕಾಮಗಾರಿಯಲ್ಲಿ ಗಮನಿಸಬಹುದಾದ ಅಂಶಗಳು

1. ಅಡ್ಡ ಸಂದಿನ ಡೌವೆಲ್ ಸರಳು ನುಣುಪಾದ ದುಂಡು ಸರಳಾಗಿರತಕ್ಕದ್ದು. ಏಣುಗಳಿರುವ ಸರಳು ಕಾಂಕ್ರೀಟನ್ನು ಬಿಗಿಯಾಗಿ ಹಿಡಿಯುವುದರಿಂದ ಚಪ್ಪಡಿಯು ಹಿಗ್ಗಿ ಕುಗ್ಗಲಾರದೆ ಬೇರೆಡೆ ಬಿರಿಯುತ್ತದೆ.

2. ರಸ್ತೆಯ ಉದ್ದಕ್ಕೆ ಬರುವ ಸಂದಿನಲ್ಲಿ ಹಾಕುವ ಟೈ ಬಾರ್ ಸಾಮಾನ್ಯವಾಗಿ ಏಣುಗಳುಳ್ಳದ್ದು. ಅದರ ಕೆಲಸ ಎರಡು ಪಥಗಳನ್ನು ಬಿಡದಂತೆ ಹಿಡಿದಿಡುವುದು. ಇವೆರಡನ್ನೂ ಒಂದೇ ಎಂದು ತಿಳಿಯಬಾರದು.

3. ಕುಗ್ಗುವಿಕೆಯ ಸಂದುಗಳಲ್ಲಿ ಸರಳಿನ ಮೂರನೇ ಎರಡು ಭಾಗಕ್ಕೆ ತೆಳುವಾದ ಪ್ಲಾಸ್ಟಿಕ್ ಹೊದಿಕೆ ಇರಬೇಕು.

4. ಸರಳುಗಳು ಚಪ್ಪಡಿಯ ದಪ್ಪದ ನಡುಮಟ್ಟದಲ್ಲಿ, ರಸ್ತೆಯ ಉದ್ದಕ್ಕೆ ಸಮಾನಾಂತರವಾಗಿ ಇರಬೇಕು. ಓರೆಯಾದ ಸರಳು ಸಂದನ್ನು ಬಿಗಿದು ಹಾನಿಯುಂಟುಮಾಡುತ್ತದೆ.

ವೆಚ್ಚದ ವಿಚಾರ

ಉದಾಹರಣೆಗೆ, 3.5 ಮೀಟರ್ ಅಗಲದ ಒಂದು ಪಥದಲ್ಲಿ 300 ಮಿ.ಮೀ. ಅಂತರಕ್ಕೆ ಒಂದರಂತೆ ಪ್ರತಿ ಸಂದಿಗೆ 11 ಸರಳುಗಳು ಬೇಕಾಗುತ್ತವೆ. 32 ಮಿ.ಮೀ. ವ್ಯಾಸ, 450 ಮಿ.ಮೀ. ಉದ್ದದ ಒಂದು ಸರಳಿನ ತೂಕ ಸುಮಾರು 2.8 ಕೆ.ಜಿ. ಕಿಲೋಮೀಟರಿಗೆ ಸುಮಾರು 222 ಸಂದುಗಳಿರುವುದರಿಂದ ಒಂದು ಪಥಕ್ಕೆ ಸುಮಾರು 6.9 ಟನ್ ಉಕ್ಕು ತಗಲುತ್ತದೆ. ಕಾಂಕ್ರೀಟ್ ಸುರಿದ ನಂತರ ಇದರಲ್ಲಿ ಒಂದು ಸರಳೂ ಕಣ್ಣಿಗೆ ಕಾಣುವುದಿಲ್ಲ. ಕೊರತೆಯಿದ್ದಲ್ಲಿ ಅದು ಮೊದಲ ವರ್ಷದಲ್ಲಿ ತೋರದೆ, ಹಲವು ಮಳೆಗಾಲಗಳ ನಂತರ ಗೋಚರಿಸಬಹುದು. ಆದ್ದರಿಂದ ವಿಚಾರಿಸಬೇಕಾದ ಸಮಯ ಕಾಂಕ್ರೀಟ್ ಸುರಿಯುವ ಮೊದಲೇ ಹೊರತು ನಂತರವಲ್ಲ.

ಮಾಹಿತಿ ಪಡೆಯುವ ವಿಧಾನ

ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 2(ಜೆ) ಅನ್ವಯ ಕಾಮಗಾರಿಯನ್ನು ಪರಿಶೀಲಿಸುವ, ದಾಖಲೆಗಳ ಪ್ರತಿ ಪಡೆಯುವ ಹಾಗೂ ಸಾಮಗ್ರಿಯ ಪ್ರಮಾಣಿತ ಮಾದರಿ ಪಡೆಯುವ ಹಕ್ಕು ನಾಗರಿಕರಿಗೆ ಇರುತ್ತದೆ. ಉತ್ತರ ನೀಡಲು 30 ದಿನಗಳ ಕಾಲಾವಕಾಶವಿದ್ದು, ಒಂದು ಭಾಗದ ಕಾಂಕ್ರೀಟ್ ಕೆಲಸ ಒಂದೇ ದಿನದಲ್ಲಿ ಮುಗಿಯಬಹುದು. ಹೀಗಾಗಿ ಕಾಮಗಾರಿ ಆರಂಭಕ್ಕೆ ಮುನ್ನವೇ ಅಂದಾಜು ಪಟ್ಟಿ ಮತ್ತು ಸಂದುಗಳ ನಕ್ಷೆಯನ್ನು ಕೋರುವುದು ಸೂಕ್ತ. ಕಾಮಗಾರಿ ಮುಗಿದಿದ್ದಲ್ಲಿ ಅಳತೆ ಪುಸ್ತಕದ ಸಂಬಂಧಿತ ಪುಟಗಳನ್ನು ಕೋರಿ, ಅಂದಾಜಿನಲ್ಲಿರುವ ಉಕ್ಕಿನ ತೂಕದೊಂದಿಗೆ ಹೋಲಿಸಬಹುದು.

ಹೆದ್ದಾರಿ, ಮಹಾನಗರ ಪಾಲಿಕೆಯ ರಸ್ತೆ ಹಾಗೂ ಹಸ್ತಾಂತರವಾಗದ ಬಡಾವಣೆ ರಸ್ತೆಗಳ ಹೊಣೆ ಬೇರೆ ಬೇರೆ ಪ್ರಾಧಿಕಾರಗಳದ್ದಾಗಿರುತ್ತದೆ. ಅರ್ಜಿ ಬೇರೆ ಕಚೇರಿಗೆ ಸಲ್ಲಿಕೆಯಾದಲ್ಲಿ, ಪ್ರಕರಣ 6(3)ರ ಅನ್ವಯ 5 ದಿನಗಳೊಳಗೆ ಸಂಬಂಧಿಸಿದ ಪ್ರಾಧಿಕಾರಕ್ಕೆ ವರ್ಗಾಯಿಸತಕ್ಕದ್ದು.

ರಸ್ತೆ ಅಗೆಯುವ ಅನುಮತಿ ಕೋರುವವರಿಗೆ

ನೀರಿನ ಅಥವಾ ಒಳಚರಂಡಿ ಸಂಪರ್ಕ ಬೇಕಿರುವವರು ರಸ್ತೆ ಕಾಂಕ್ರೀಟೀಕರಣಗೊಳ್ಳುವ ಮೊದಲೇ ಅರ್ಜಿ ಸಲ್ಲಿಸುವುದು ಹಿತಕರ. ಅನುಮತಿಯಿಲ್ಲದೆ ಅಗೆದು ಸಂದಿನ ಸರಳು ತುಂಡಾದಲ್ಲಿ, ಮೇಲೆ ಕಾಂಕ್ರೀಟ್ ತುಂಬಿದ ಮಾತ್ರಕ್ಕೆ ರಸ್ತೆ ಮೊದಲಿನಂತಾಗುವುದಿಲ್ಲ. ಪಕ್ಕದ ಚಪ್ಪಡಿಯಲ್ಲಿ ರಂಧ್ರ ಕೊರೆದು ಹೊಸ ಸರಳು ಕೂರಿಸಬೇಕಾಗುತ್ತದೆ. ಒಂದು ಮನೆಯ ಕೊಳವೆಗಾಗಿ ತುಂಡಾದ ಸರಳಿನ ಹಾನಿಯನ್ನು ಆ ರಸ್ತೆಯಲ್ಲಿ ಸಂಚರಿಸುವ ಎಲ್ಲರೂ ಅನುಭವಿಸಬೇಕಾಗುತ್ತದೆ. ಆದ್ದರಿಂದ ಸಾರ್ವಜನಿಕರು ಮುಂಚಿತವಾಗಿ ಅನುಮತಿ ಪಡೆದು ಸಹಕರಿಸಬೇಕಾಗಿ ಕೋರಲಾಗಿದೆ.