ಐದು ಸಾವಿರದ ವಿನಾಯಿತಿ ಯಾರ ಮನೆಗೆ?

ಕಳೆದ ವಾರ ಮದ್ರಸ ಬಿಟ್ಟ ಮೇಲೆ ನಮ್ಮ ಜಮಾಅತಿನ ಒಬ್ಬರು ಲ್ಯಾಬಿನ ರಶೀದಿ ಹಿಡಿದುಕೊಂಡು ಬಂದರು. ಶುಗರ್, ಕೊಲೆಸ್ಟ್ರಾಲ್, ಕಿಡ್ನಿ ಎಲ್ಲ ಸೇರಿ 3,200 ರೂಪಾಯಿ. "ಉಸ್ತಾದ್, ಇದನ್ನು ಸರಕಾರ ಟ್ಯಾಕ್ಸಿನಲ್ಲಿ ವಾಪಸ್ ಕೊಡುತ್ತದಂತೆ, ಹೌದಾ?" ಎಂದು ಕೇಳಿದರು. ಅವರದು ಸಣ್ಣ ಅಂಗಡಿ. ಇನ್‌ಕಮ್ ಟ್ಯಾಕ್ಸ್ ಕಟ್ಟಿದವರೇ ಅಲ್ಲ.

ಈ ತಪ್ಪು ಕಲ್ಪನೆ ನಮ್ಮಲ್ಲಿ ಅನೇಕರಿಗಿದೆ. ಆದಾಯ ತೆರಿಗೆಯಲ್ಲಿ 80ಡಿ ಎಂದೇ ಪರಿಚಿತವಾದ ನಿಯಮ ಒಂದಿದೆ. ಮುಂಜಾಗ್ರತೆಯ ಆರೋಗ್ಯ ತಪಾಸಣೆಗೆ ವರ್ಷಕ್ಕೆ 5,000 ರೂಪಾಯಿವರೆಗೆ ಕಡಿತ ಸಿಗುತ್ತದೆ. ಇದಕ್ಕೆ ವಿಮೆ ಮಾಡಿಸಿರಬೇಕೆಂದಿಲ್ಲ, ನಗದು ಕೊಟ್ಟರೂ ನಡೆಯುತ್ತದೆ. ಆದರೆ ಕಡಿತ ಅಂದರೆ ಐದು ಸಾವಿರ ಕೈಗೆ ಬಂತು ಎಂದಲ್ಲ. ತೆರಿಗೆ ಲೆಕ್ಕ ಹಾಕುವ ಆದಾಯದಲ್ಲಿ ಅಷ್ಟು ಕಮ್ಮಿಯಾಗುತ್ತದೆ, ಅಷ್ಟೇ. ಶೇ.20ರ ಹಂತದಲ್ಲಿರುವವರಿಗೆ ಉಳಿಯುವುದು ಸೆಸ್ ಸೇರಿ 1,040 ರೂಪಾಯಿ. ತೆರಿಗೆಯೇ ಇಲ್ಲದವರಿಗೆ ಸೊನ್ನೆ.

ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ ಈ ಕಡಿತ ಇಲ್ಲ. ಅಲ್ಲಿ ಸಾಮಾನ್ಯವಾಗಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಬೀಳದ ಕಾರಣ ಸಂಬಳದಾರರು ಹೆಚ್ಚಾಗಿ ಆ ಕಡೆ ಹೋಗುತ್ತಿದ್ದಾರೆ. ಜಿಮ್ ಫೀಸು, ವಾಕಿಂಗ್ ಶೂ ಇವು ಯಾವ ಪದ್ಧತಿಯಲ್ಲೂ ಲೆಕ್ಕಕ್ಕಿಲ್ಲ. ಗಲ್ಫಿನಲ್ಲಿ ದುಡಿಯುವ ಅನಿವಾಸಿ ಮಕ್ಕಳ ಅಲ್ಲಿನ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ, ಹಾಗಾಗಿ ಕಡಿತದ ಮಾತೂ ಇಲ್ಲ.

ಹಾಗಾದರೆ ಲಾಭ ಯಾರಿಗೆ? ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟುವ, ಮನೆಯಲ್ಲಿ 60 ದಾಟಿದ ಉಮ್ಮ-ಬಾಪ ಇರುವವರಿಗೆ. ಹಿರಿಯರಿಗೆ ಆರೋಗ್ಯ ವಿಮೆ ಇಲ್ಲದಿದ್ದರೆ ಅವರ ಔಷಧಿ, ಆಸ್ಪತ್ರೆ ಖರ್ಚನ್ನೇ 50,000 ರೂಪಾಯಿವರೆಗೆ ತೋರಿಸಬಹುದು. ಈ ಖರ್ಚನ್ನು ಮಾತ್ರ ನಗದಾಗಿ ಕೊಡಬಾರದು. ಯುಪಿಐ, ಕಾರ್ಡು ಅಥವಾ ಚೆಕ್ಕು ಆಗಬೇಕು. ವ್ಯಾಪಾರದ ಆದಾಯ ಇರುವವರು ಹಳೆಯದು-ಹೊಸದು ಎಂದು ವರ್ಷವರ್ಷ ಬದಲಾಯಿಸುವಂತಿಲ್ಲ, ಮೊದಲೇ ಆಡಿಟರ್ ಹತ್ತಿರ ಲೆಕ್ಕ ಹಾಕಿಸಿ.

ಉಳಿದ ನಮಗೆಲ್ಲ ತಲುಪುವ ರಿಯಾಯಿತಿ ಬೇರೆ ದಾರಿಯಲ್ಲಿ ಬಂದಿದೆ, ಅದು ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಹಾಗೂ ಕುಟುಂಬ ಆರೋಗ್ಯ ವಿಮೆಯ ಮೇಲಿದ್ದ ಶೇ.18 ತೆರಿಗೆ ಪೂರ್ತಿ ತೆಗೆದಿದ್ದಾರೆ. 20,000ದ ಕಂತಿಗೆ 3,600 ರೂಪಾಯಿ ತೆರಿಗೆ ಉಳಿಯಿತು. ಆದರೆ ಕಂಪೆನಿ ಮೂಲ ಕಂತನ್ನೇ ಏರಿಸಿದೆಯೋ ಎಂದು ಹಳೆಯ ರಶೀದಿಗೆ ತಾಳೆ ನೋಡಿ. ಶುಗರ್ ನೋಡುವ ಗ್ಲುಕೋಮೀಟರ್, ಅದರ ಸ್ಟ್ರಿಪ್‌ಗೆ ತೆರಿಗೆ ಶೇ.12ರಿಂದ 5ಕ್ಕೆ ಇಳಿದಿದೆ. ಜಿಮ್‌ಗೆ ಶೇ.18ರಿಂದ 5ಕ್ಕೆ. ಊರಿನ ಸಣ್ಣ ಜಿಮ್ ಜಿಎಸ್‌ಟಿ ವ್ಯಾಪ್ತಿಗೇ ಬಾರದಿದ್ದರೆ ಅಲ್ಲಿ ಏನೂ ಇಳಿಯದು. ಮೆಡಿಕಲ್ ಶಾಪಿನ ಬಿಲ್ಲಿನಲ್ಲಿ ತೆರಿಗೆ ಎಷ್ಟು ಹಾಕಿದ್ದಾರೆಂದು ಕೇಳಲು ನಾಚಿಕೆ ಬೇಡ.

ತಪಾಸಣೆಯ 5,000ದ ಮಿತಿ 2012ರ ಬಜೆಟಿನಲ್ಲಿ ಬಂದದ್ದು. ಆಮೇಲೆ ಲ್ಯಾಬಿನ ದರ ಎಷ್ಟು ಏರಿತು, ಮಿತಿ ಅಲ್ಲೇ ನಿಂತಿದೆ. ಅದನ್ನು ಏರಿಸಬೇಕು ಎನ್ನುವುದು ನ್ಯಾಯವೇ. ಆದರೆ ಏರಿಸಿದರೂ ಬೀಡಿ ಕಟ್ಟುವ ಉಮ್ಮನಿಗೆ, ರಿಕ್ಷಾ ಓಡಿಸುವ ಅಣ್ಣನಿಗೆ ಏನು ಸಿಗುತ್ತದೆ? ಅವರಿಗೆ ಬೇಕಾದದ್ದು ಹತ್ತಿರದ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಔಷಧಿ ತಪ್ಪದೆ ಸಿಗುವುದು. ನಾವು ಹೆಚ್ಚು ಒತ್ತಾಯಿಸಬೇಕಾದದ್ದು ಅದನ್ನು.

30 ದಾಟಿದವರಿಗೆ ಅಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ. ನಮ್ಮಲ್ಲಿ ಎಷ್ಟು ಮಂದಿ ಹೋಗಿದ್ದೇವೆ? ಮದುವೆ ಮನೆಯಲ್ಲಿ ಬಿರಿಯಾನಿ ಉಂಡು ಶುಗರ್ ಮಾತ್ರೆ ಹಂಚಿಕೊಳ್ಳುವ ನಾವು, ಕಾಲು ಮರಗಟ್ಟಿದ ಮೇಲೆ ಡಾಕ್ಟರನ್ನು ಹುಡುಕುತ್ತೇವೆ. ಆಗ ಖಾಲಿಯಾಗುವುದು ಮಗಳ ಮದುವೆಗೆ ಇಟ್ಟ ಚಿನ್ನ.

ರಶೀದಿ ತಂದ ಆ ವ್ಯಕ್ತಿಗೆ ವಾಪಸ್ ಏನೂ ಬರುವುದಿಲ್ಲ ಎಂದೆವು. ಅವರ ಶುಗರ್ ಮಾತ್ರ ಗಡಿ ದಾಟಿತ್ತು, ಅದು ಗೊತ್ತಾಯಿತು. ಈಗ ಬೆಳಿಗ್ಗೆ ಸುಬ್‌ಹಿ ನಮಾಝ್ ಮುಗಿಸಿ ನಡೆಯಲು ಹೋಗುತ್ತಿದ್ದಾರೆ.