ತಿದ್ದಿದರೆ ಸಾಲದು, ಸಾರಲೂ ಬೇಕು

ಜನನ ಮರಣ ನೋಂದಣಿ ಕಾಯ್ದೆಯ ತಿದ್ದುಪಡಿ 2023ರ ಅಕ್ಟೋಬರ್ 1ರಂದು ಜಾರಿಗೆ ಬಂತು. ಆಗ ಎಲ್ಲರೂ ಮಾತಾಡಿದ್ದು ಜನನ ಪ್ರಮಾಣಪತ್ರದ ಬಗ್ಗೆ. ಶಾಲೆಗೆ, ಡ್ರೈವಿಂಗ್ ಲೈಸೆನ್ಸಿಗೆ, ಮದುವೆ ನೋಂದಣಿಗೆ ಹುಟ್ಟಿದ ತಾರೀಖಿನ ಪುರಾವೆಯಾಗಿ ಇನ್ನು ಅದೊಂದೇ ಸಾಕು ಎಂದು. ಬ್ಯಾಕೆಂಡ್ ಕೆಲಸ ಮಾಡುವ ನನ್ನ ಕಣ್ಣಿಗೆ ಬಿದ್ದದ್ದು ಅದರ ಇನ್ನೊಂದು ಅಂಶ. ನೋಂದಣಿಯಾದ ಜನನ ಮರಣಗಳ ವಿವರವನ್ನು ಮತದಾರರ ಪಟ್ಟಿ, ಪಡಿತರ ಚೀಟಿ, ಆಧಾರ್, ಆಸ್ತಿ ನೋಂದಣಿ ಮುಂತಾದವನ್ನು ನೋಡಿಕೊಳ್ಳುವ ಕಚೇರಿಗಳಿಗೆ ಒದಗಿಸಲು ಆ ಕಾಯ್ದೆ ಅವಕಾಶ ಕೊಟ್ಟಿದೆ. ಒಬ್ಬರು ತೀರಿಕೊಂಡ ಸುದ್ದಿಯನ್ನು ಒಂದು ಕಚೇರಿ ಬರೆದುಕೊಂಡರೆ ಮಿಕ್ಕ ಕಚೇರಿಗಳಿಗೆ ಅದು ತಾನಾಗಿ ಹೋಗಬಹುದು. ಕಾನೂನು ಬಾಗಿಲು ತೆರೆದಿದೆ. ತಮಿಳುನಾಡಿನ ಗಡಿಯಲ್ಲಿರುವ ನಮ್ಮ ಜವಳಗಿರಿ ಕಡೆಯ ಹೆಂಗಸರು ಮಾತ್ರ ಇನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಸುತ್ತಿಕೊಂಡು ಡೆಂಕಣಿಕೋಟೆ ಬಸ್ಸು ಹತ್ತುತ್ತಿದ್ದಾರೆ.

ನನ್ನ ನೆಂಟರ ಪೈಕಿ ಒಬ್ಬ ಅಜ್ಜಿ ಇದ್ದಾರೆ. ಗಂಡ ತೀರಿಕೊಂಡರು, ಮರಣ ಪ್ರಮಾಣಪತ್ರ ಕೈಗೆ ಬಂತು. ಅಲ್ಲಿಂದ ಶುರುವಾಯಿತು ಓಡಾಟ. ವಾರಸುದಾರರ ಸರ್ಟಿಫಿಕೇಟಿಗೆ ಇ-ಸೇವೈ ಕೇಂದ್ರದಲ್ಲಿ ಅರ್ಜಿ, ಅದು ಬಂದ ಮೇಲೆ ಜಮೀನಿನ ಪಟ್ಟಾ ಬದಲಾವಣೆಗೆ ಇನ್ನೊಂದು. ರೇಷನ್ ಕಾರ್ಡಿನಿಂದ ಹೆಸರು ತೆಗೆಸಲು, ವಿಧವಾ ಪಿಂಚಣಿಗೆ, ಕರೆಂಟ್ ಮೀಟರಿಗೆ, ಬ್ಯಾಂಕಿನ ಉಳಿತಾಯ ಖಾತೆಗೆ, ಸೊಸೈಟಿ ಸಾಲಕ್ಕೆ ಬೇರೆ ಬೇರೆ ಅರ್ಜಿ. ಎಲ್ಲ ಕಡೆಯೂ ಕೇಳಿದ್ದು ಅದೇ ಮರಣ ಪ್ರಮಾಣಪತ್ರದ ಜೆರಾಕ್ಸ್. ಒಂದು ಕಚೇರಿಯಿಂದ ಬಂದ ದಿನ ಅಜ್ಜಿ ಜಗುಲಿ ಮೇಲೆ ಕೂತು ನನ್ನನ್ನು ಕೇಳಿದರು: “ನಮ್ಮನೆಯೋರು ಸತ್ತಿದ್ದು ಒಂದ್ಸಲ. ಆಫೀಸಾಫೀಸಿಗೂ ಹೋಗಿ ಸತ್ರು, ಸತ್ರು ಅಂತ ನಾನೆಷ್ಟು ಸಲ ಹೇಳ್ಬೇಕಪ್ಪಾ?”

ಈ ಪ್ರಶ್ನೆಗೆ ನನ್ನ ಕಸುಬಿನಲ್ಲಿ ಉತ್ತರ ಇದೆ. ದಾಖಲೆ ತಿದ್ದಿ ಎಂಬ ಕೋರಿಕೆ ಬಂದಾಗ ಕಂಪ್ಯೂಟರು ಏನೇನು ಮಾಡಬೇಕು ಎಂದು ಬರೆಯುವುದೇ ಬೆಂಗಳೂರಿನಲ್ಲಿ ನನ್ನ ಕೆಲಸ. ವೆಬ್ ಅಪ್ಲಿಕೇಶನ್ನಿನ ಹಿಂಬದಿಯನ್ನು ಪದರಪದರವಾಗಿ ಕಟ್ಟುತ್ತೇವೆ. ಮೊದಲ ಪದರ ಕೋರಿಕೆಯನ್ನು ತೆಗೆದುಕೊಂಡು ಅರ್ಜಿ ಪೂರ್ತಿ ಇದೆಯೇ ಎಂದು ನೋಡುತ್ತದೆ. ಎರಡನೆಯದು ನಿಯಮದ ಪದರ: ಈ ಬದಲಾವಣೆ ಆಗಬಹುದೇ, ಕೇಳುತ್ತಿರುವವರಿಗೆ ಆ ಹಕ್ಕಿದೆಯೇ ಎಂದು ತೀರ್ಮಾನಿಸುತ್ತದೆ. ಮೂರನೆಯದು ಡೇಟಾಬೇಸಿಗೆ ಬರೆಯುತ್ತದೆ. ಇಷ್ಟಕ್ಕೆ ಅರ್ಧ ಕೆಲಸ ಆದಂತೆ. ಬರೆದ ಮೇಲೆ, ಇಂಥ ದಾಖಲೆಯಲ್ಲಿ ಇಂಥದ್ದು ಬದಲಾಯಿತು ಎಂಬ ‘ಈವೆಂಟ್’ ಹೊರಡಬೇಕು. ಊರಲ್ಲಿ ಹಿಂದೆ ತೀರ್ಮಾನವಾದದ್ದನ್ನು ತಮಟೆ ಹೊಡೆದು ಸಾರುತ್ತಿದ್ದರಲ್ಲ, ಹಾಗೆ. ಆ ಸುದ್ದಿ ಬೇಕಾದ ವಿಭಾಗಗಳು ಕೇಳಿಸಿಕೊಂಡು ತಮ್ಮ ತಮ್ಮ ದಾಖಲೆ ಸರಿಮಾಡಿಕೊಳ್ಳುತ್ತವೆ.

ಕಷ್ಟ ಇರುವುದು ಬರೆಯುವುದಕ್ಕೂ ಸಾರುವುದಕ್ಕೂ ನಡುವಿನ ಗಳಿಗೆಯಲ್ಲಿ. ಹೆಸರು ಬದಲಾಯಿತು, ಅಷ್ಟರಲ್ಲಿ ಸರ್ವರ್ ಬಿತ್ತು, ಸುದ್ದಿ ಹೊರಡಲೇ ಇಲ್ಲ ಅಂದುಕೊಳ್ಳಿ. ಒಂದು ಕಡೆ ಹೊಸ ಹೆಸರು, ಉಳಿದ ಕಡೆಯೆಲ್ಲ ಹಳೆಯದು. ಯಾರ ಪರದೆಯ ಮೇಲೂ ಎರರ್ ಕಾಣುವುದಿಲ್ಲ. ಅದಕ್ಕೇ ತಿದ್ದುಪಡಿಯನ್ನೂ ಸಾರಬೇಕಾದ ಸುದ್ದಿಯನ್ನೂ ಒಂದೇ ಡೇಟಾಬೇಸಿನ ಎರಡು ಟೇಬಲ್ಲುಗಳಲ್ಲಿ ಒಂದೇ ಏಟಿಗೆ ಬರೆಯುತ್ತೇವೆ. ಆಗುವುದಾದರೆ ಎರಡೂ ಆಗಬೇಕು, ಇಲ್ಲದಿದ್ದರೆ ಎರಡೂ ಆಗಬಾರದು. ಆ ಎರಡನೆಯ ಟೇಬಲ್ಲಿನ ಹೆಸರು ಔಟ್‌ಬಾಕ್ಸ್. ಅದರಲ್ಲಿರುವುದನ್ನು ಇನ್ನೊಂದು ಪ್ರೋಗ್ರಾಂ ತೆಗೆದು ಕಳಿಸುತ್ತದೆ, ತಲುಪದಿದ್ದರೆ ಮತ್ತೆ ಕಳಿಸುತ್ತದೆ. ಎರಡು ಸಲ ತಲುಪಿದರೂ ಕೆಲಸ ಎರಡು ಸಲ ಆಗದಿರಲೆಂದು ಪ್ರತಿ ಸುದ್ದಿಗೂ ಒಂದು ನಂಬರು ಇರುತ್ತದೆ. ಎಷ್ಟು ಸಲ ಕಳಿಸಿದರೂ ಸ್ವೀಕಾರವಾಗದ್ದನ್ನು ಬೇರೆ ಸಾಲಿನಲ್ಲಿ ಇಡುತ್ತೇವೆ, ಅದನ್ನು ಮನುಷ್ಯರೇ ತೆರೆದು ನೋಡಬೇಕು.

ಸರ್ಕಾರಿ ದಾಖಲೆಗಳ ಲೋಕದಲ್ಲಿ ಈ ಔಟ್‌ಬಾಕ್ಸ್ ಎಲ್ಲಿದೆ? ಆ ಅಜ್ಜಿಯ ಪ್ಲಾಸ್ಟಿಕ್ ಕವರಿನಲ್ಲಿದೆ. ಸುದ್ದಿ ಸಾರುವವರು, ತಲುಪದಿದ್ದರೆ ಮತ್ತೆ ಹೋಗುವವರು, ರಸೀದಿ ನಂಬರು ಜೋಪಾನ ಮಾಡುವವರು ಎಲ್ಲ ಅವರೇ.

ಮಾಡಲು ಬರುವುದಿಲ್ಲ ಎಂದೇನಿಲ್ಲ. ಗಡಿಯಾಚೆ ಕರ್ನಾಟಕದಲ್ಲಿ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹತ್ತಿಸಿ ಕೈಬರಹದ ಪಹಣಿಯನ್ನು ನಿಲ್ಲಿಸಿತು. ಮ್ಯುಟೇಶನ್ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕು ಎಂಬ ನಿಯಮವನ್ನು ಸಾಫ್ಟ್‌ವೇರಿನಲ್ಲೇ ಕೂರಿಸಿತು. ಈಗ ಸಬ್ ರಿಜಿಸ್ಟ್ರಾರ್ ಕಚೇರಿಯ ‘ಕಾವೇರಿ’ಯಲ್ಲಿ ಕ್ರಯಪತ್ರ ನೋಂದಣಿಯಾದರೆ ‘ಜೆ ಸ್ಲಿಪ್’ ಎಂಬ ಸೂಚನೆ ತಾನಾಗಿ ‘ಭೂಮಿ’ಗೆ ಹೋಗುತ್ತದೆ, ಕೊಂಡವರು ಬೇರೆ ಅರ್ಜಿ ಹಾಕಬೇಕಾಗಿಲ್ಲ. ತಮಿಳುನಾಡಿನಲ್ಲೂ 2018ರಲ್ಲಿ ಬಂದ ‘ಸ್ಟಾರ್ 2.0’ ನೋಂದಣಿ ತಂತ್ರಾಂಶವನ್ನು ‘ತಮಿಳ್ ನಿಲಂ’ ಭೂದಾಖಲೆಗೆ ಜೋಡಿಸಿದ್ದಾರೆ. ಸರ್ವೆ ನಂಬರನ್ನು ಒಡೆಯಬೇಕಾದರೆ ಸರ್ವೇಯರ್ ಬಂದು ಅಳೆಯಬೇಕು, ಇಲ್ಲದಿದ್ದರೆ ಪಟ್ಟಾ ಬದಲಾವಣೆ ತಾನೇ ಸಾಗುತ್ತದೆ. ಎರಡು ರಾಜ್ಯಗಳೂ ಮಾರಾಟವನ್ನು ಸಾರುವುದು ಕಲಿತಿವೆ. ಸಾವನ್ನು ಸಾರುವುದು ಇನ್ನೂ ಕಲಿಯಬೇಕು. ಕರ್ನಾಟಕದಲ್ಲಿ ಪೌತಿ ಖಾತೆಗೆಂದೇ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಲೆಂದೇ, ಆಂದೋಲನ ನಡೆಸಬೇಕಾಗಿ ಬಂದದ್ದು ಇದಕ್ಕೇ.

ಮಾರಾಟದಲ್ಲಿ ಕೊಟ್ಟವರು, ಕೊಂಡವರು ಇಬ್ಬರೂ ಎದುರಿಗೇ ಇರುತ್ತಾರೆ, ಸಾವಿನಲ್ಲಿ ವಾರಸುದಾರರು ಯಾರೆಂದು ವಿಚಾರಿಸಬೇಕು ಎನ್ನುತ್ತಾರೆ ಅಧಿಕಾರಿಗಳು. ನ್ಯಾಯವಾದ ಮಾತು. ವಾರಸುದಾರಿಕೆ ವಿಚಾರಣೆಯ ವಿಷಯ, ಅದು ಇರಲಿ. ಆದರೆ ಸಾವು ವಿಚಾರಣೆಯ ವಿಷಯವಲ್ಲ, ಅದನ್ನು ಸರ್ಕಾರವೇ ಬರೆದುಕೊಂಡಿದೆ. ತಮಿಳುನಾಡಿನ ಹಳ್ಳಿಗಳಲ್ಲಿ ಮರಣ ನೋಂದಾಯಿಸುವ ರಿಜಿಸ್ಟ್ರಾರ್ ಸಾಮಾನ್ಯವಾಗಿ ಗ್ರಾಮ ಆಡಳಿತ ಅಧಿಕಾರಿ, ಅಂದರೆ ವಿ.ಎ.ಓ. ಅವರೇ. ಪಟ್ಟಾ ಅರ್ಜಿಗೆ ವರದಿ ಕೊಡುವವರೂ ಅವರೇ. ಸಾವನ್ನು ಬರೆದ ಕೈಗೇ ಸಾವಿನ ಪುರಾವೆ ಒಪ್ಪಿಸಬೇಕಾಗಿದೆ. ಇದು ಯಾವ ವಿ.ಎ.ಓ. ತಪ್ಪೂ ಅಲ್ಲ. ಅವರ ಮುಂದೆ ತೆರೆಯುವ ಒಂದು ಪರದೆ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದಿಲ್ಲ, ಅಷ್ಟೆ.

ತಡವಾದರೆ ಏನು ನಷ್ಟ ಎಂದು ಪಟ್ಟಣದವರು ಕೇಳಬಹುದು. ನಮ್ಮಲ್ಲಿ ಆನೆಗಳಿವೆ. ಬನ್ನೇರುಘಟ್ಟದ ಕಡೆಯಿಂದ ಜವಳಗಿರಿ ಕಾಡಿಗೆ ಹಿಂಡು ಇಳಿಯುವ ಕಾಲಕ್ಕೆ ಸರಿಯಾಗಿ ರಾಗಿ ತೆನೆ ಕಟ್ಟಿರುತ್ತದೆ. ಒಂದು ರಾತ್ರಿ ಸಾಕು, ಬೆಳೆ ಹೋಯಿತು. ಪರಿಹಾರದ ಅರ್ಜಿಗೆ ಜಮೀನಿನ ಕಾಗದ ಕೇಳುತ್ತಾರೆ. ಪಟ್ಟಾ ಇನ್ನೂ ತೀರಿಕೊಂಡವರ ಹೆಸರಲ್ಲಿದ್ದರೆ ಹಣ ಯಾರ ಖಾತೆಗೆ? ಆನೆ ತುಳಿದ ಹೊಲ ಬದುಕಿರುವವರದು, ದಾಖಲೆ ಸತ್ತವರದು.

ಸುದ್ದಿ ಸಾರಿದರೂ ಕೇಳಿಸಿಕೊಂಡ ಕಚೇರಿಗೆ ಇದು ಯಾರ ವಿಷಯ ಎಂದು ತಿಳಿಯಬೇಕು. ಇಲ್ಲಿ ಗಡಿನಾಡ ಕನ್ನಡಿಗರಿಗೆ ಒಂದು ವಿಶೇಷ ತೊಡಕು. ತಮಿಳು ಲಿಪಿಯಲ್ಲಿ ಕಕಾರ ಗಕಾರಕ್ಕೆ ಒಂದೇ ಅಕ್ಷರ, ಪಕಾರ ಬಕಾರಕ್ಕೂ ಒಂದೇ. ಮನೆಯಲ್ಲಿ ಗಂಗಮ್ಮ, ಬಸಪ್ಪ ಆದವರು ತಮಿಳು ದಾಖಲೆಯಿಂದ ಇಂಗ್ಲಿಷಿಗೆ ಇಳಿಯುವಾಗ ಕಂಗಮ್ಮ, ಪಸಪ್ಪ ಆಗಿರುತ್ತಾರೆ. ಬ್ಯಾಂಕಿನಲ್ಲಿ ಒಂದು ಹೆಸರು, ಪಟ್ಟಾದಲ್ಲಿ ಇನ್ನೊಂದು. ಆಧಾರ್‌ನಲ್ಲಿ ಹೆಸರು ತಿದ್ದಿಸಲು ಸಿಗುವುದು ಎರಡೇ ಅವಕಾಶ, ಹುಟ್ಟಿದ ತಾರೀಖಿಗೆ ಒಂದೇ. ಹೆಸರು ನೋಡಿ ದಾಖಲೆ ಹೊಂದಿಸುವ ಸಾಫ್ಟ್‌ವೇರ್ ನಮ್ಮೂರಿಗೆ ನಡೆಯುವುದಿಲ್ಲ. ಬದಲಾಗದ ಒಂದು ನಂಬರಿನಿಂದಲೇ ಹೊಂದಿಸಬೇಕು.

ಇನ್ನೊಂದು ಕಾಯಿಲೆ, ಒಂದನ್ನು ತಿದ್ದಲು ಹೋಗಿ ಹತ್ತನ್ನು ಅಳಿಸುವುದು. ವಿಳಾಸ ಬದಲಿಸಿ ಎಂದರೆ ಇಡೀ ಫಾರಂ ಹೊಸದಾಗಿ ತುಂಬಿಸುತ್ತಾರೆ. ಆ ಗಡಿಬಿಡಿಯಲ್ಲಿ ಫೋನ್ ನಂಬರಿನ ಜಾಗದಲ್ಲಿ ಅಂಗಡಿಯವನ ನಂಬರೋ ಮೊಮ್ಮಗನ ಹಳೆ ಸಿಮ್ಮೋ ಕೂತುಬಿಡುತ್ತದೆ, ಮುಂದೆ ಒ.ಟಿ.ಪಿ. ಅಲ್ಲಿಗೇ ಹೋಗುತ್ತದೆ. ಕೇಳಿದ್ದನ್ನಷ್ಟೇ ತಿದ್ದಬೇಕು, ಉಳಿದದ್ದನ್ನು ಮುಟ್ಟಬಾರದು. ಜೊತೆಗೆ ಪ್ರತಿ ದಾಖಲೆಗೂ ಆವೃತ್ತಿ ಸಂಖ್ಯೆ ಬೇಕು. ಅಣ್ಣ ತಮ್ಮ ಇಬ್ಬರೂ ಒಂದೇ ಪಟ್ಟಾದ ಮೇಲೆ ಅರ್ಜಿ ಹಾಕಿದಾಗ, ಹಳೆಯ ಪ್ರತಿ ನೋಡಿಕೊಂಡು ಹಾಕಿದ ಎರಡನೆಯ ಅರ್ಜಿ ಮೊದಲನೆಯದನ್ನು ಸದ್ದಿಲ್ಲದೆ ಒರೆಸಿಹಾಕಬಾರದು. ದಾಖಲೆ ಬದಲಾಗಿದೆ, ಮತ್ತೆ ನೋಡಿ ಎಂದು ಅದನ್ನು ವಾಪಸು ಕಳಿಸಬೇಕು.

ತಪ್ಪು ಸುದ್ದಿಯೇ ಸಾರಿಹೋದರೆ? ಇದು ಸಣ್ಣ ಭಯವಲ್ಲ. ಉತ್ತರ ಪ್ರದೇಶದ ಆಜಂಗಢ ಜಿಲ್ಲೆಯ ಲಾಲ್ ಬಿಹಾರಿ ಕಂದಾಯ ದಾಖಲೆಯಲ್ಲಿ 1975ರಿಂದ 1994ರವರೆಗೆ ಸತ್ತವರಾಗಿದ್ದರು. ತಾನು ಬದುಕಿದ್ದೇನೆ ಎಂದು ಸಾಧಿಸಲು ಹೆಸರಿನ ಜೊತೆ ‘ಮೃತಕ’ ಎಂದು ಸೇರಿಸಿಕೊಂಡು, ತನ್ನಂಥವರಿಗಾಗಿ ಮೃತಕ ಸಂಘವನ್ನೇ ಕಟ್ಟಿದರು. ಇಂಥ ತಪ್ಪು ಗಂಟೆಯೊಳಗೆ ಎಲ್ಲ ಕಚೇರಿಗೂ ಹರಡಿದರೆ ಬ್ಯಾಂಕೂ ಮುಚ್ಚುತ್ತದೆ, ರೇಷನ್ನೂ ನಿಲ್ಲುತ್ತದೆ. ಅದಕ್ಕೇ ಸಾರುವ ಮೊದಲು ಮನೆಯವರಿಗೆ ತಿಳಿಸಿ ತಕರಾರಿಗೆ ಕಾಲ ಕೊಡಬೇಕು. ಯಾರು ಯಾವಾಗ ತಿದ್ದಿದರು ಎಂಬುದು ಅಳಿಸದಂತೆ ಉಳಿಯಬೇಕು. ತಪ್ಪನ್ನು ಒಂದೇ ಕಡೆ ಸರಿಪಡಿಸಿದರೆ ಆ ಸರಿಪಡಿಕೆಯೂ ಅದೇ ದಾರಿಯಲ್ಲಿ ಎಲ್ಲ ಕಡೆ ಹೋಗಬೇಕು. ಈಗ ತಪ್ಪನ್ನೂ ಕಚೇರಿಗೊಂದರಂತೆ ಬೇರೆ ಬೇರೆಯಾಗಿ ತಿದ್ದಿಸಬೇಕು, ಆ ಪಾಡಂತೂ ಇನ್ನೂ ಕೆಟ್ಟದ್ದು.

ಕಂದಾಯ ಇಲಾಖೆಗೆ ಈ ಶಿಸ್ತು ಹೊಸದೇನಲ್ಲ. ಜೂನ್ 30ಕ್ಕೆ ಮುಗಿಯುವ ಫಸಲಿ ವರ್ಷದ ಲೆಕ್ಕ ತಾಳೆ ನೋಡಲು ಮೇ, ಜೂನ್ ಹೊತ್ತಿಗೆ ತಾಲ್ಲೂಕು ಕಚೇರಿಗಳಲ್ಲಿ ಇವತ್ತಿಗೂ ಜಮಾಬಂದಿ ನಡೆಯುತ್ತದೆ. ಎಲ್ಲ ಹಳ್ಳಿಯ ಪುಸ್ತಕಗಳು ಒಂದು ಕಡೆ ಸೇರಬೇಕು, ಹೊಂದದ್ದನ್ನು ಎತ್ತಿ ಹಿಡಿಯಬೇಕು ಎಂದು ಹಿಂದಿನವರು ಕಟ್ಟಿದ ಪದ್ಧತಿ ಅದು. ಮರಣ ರಿಜಿಸ್ಟರು, ಪಟ್ಟಾ, ರೇಷನ್, ಪಿಂಚಣಿ ಈ ನಾಲ್ಕರ ನಡುವೆ ಕಂಪ್ಯೂಟರು ದಿನಾ ರಾತ್ರಿ ಜಮಾಬಂದಿ ನಡೆಸಬಲ್ಲದು.

ಬ್ರಿಟನ್ನಿನಲ್ಲಿ 2011ರಿಂದ ‘ಟೆಲ್ ಅಸ್ ಒನ್ಸ್’ ಎಂಬ ಸೇವೆ ಇದೆ. ಸಾವು ನೋಂದಾಯಿಸಿದಾಗ ಒಂದು ನಂಬರು ಕೊಡುತ್ತಾರೆ. ಆ ಒಂದು ನಂಬರಿನಲ್ಲಿ ತೆರಿಗೆ, ಪಿಂಚಣಿ, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್ ಕಚೇರಿಗಳಿಗೆಲ್ಲ ತಿಳಿಸಿ ಮುಗಿಸಬಹುದು. ಅಷ್ಟು ನಮ್ಮಲ್ಲೂ ಆಗಬೇಕು, ಅದರ ಮೇಲೆ ಇನ್ನೆರಡು. ಯಾವ ಕಚೇರಿಗೆ ಸುದ್ದಿ ಹೋಯಿತು, ಯಾವುದು ದಾಖಲೆ ಬದಲಿಸಿತು, ಯಾವುದರಲ್ಲಿ ಏಕೆ ನಿಂತಿದೆ ಎಂಬುದು ರಸೀದಿಯ ಮೇಲೇ ಕಾಣಬೇಕು. ಮನೆ ಇತ್ತ, ಜಮೀನು ಆನೇಕಲ್ ಕಡೆ ಇರುವ ಗಡಿ ಕುಟುಂಬಗಳ ಸುದ್ದಿ ರಾಜ್ಯದ ಗಡಿಯನ್ನೂ ದಾಟಬೇಕು.

ಓದುಗರಲ್ಲಿ ಒಂದು ವಿನಂತಿ. ಮುಂದೆ ಯಾವ ಕಚೇರಿಯಲ್ಲಾದರೂ ‘ನಿಮ್ಮ ದಾಖಲೆ ಅಪ್‌ಡೇಟ್ ಆಯ್ತು’ ಎಂದು ಕಾಗದ ಕೊಟ್ಟರೆ ತಕ್ಷಣ ಎದ್ದು ಬರಬೇಡಿ. ‘ಇದನ್ನು ಇನ್ನು ಯಾರ್ಯಾರಿಗೆ ತಿಳಿಸಿದಿರಿ?’ ಎಂದು ಕೇಳಿ. ಗ್ರಾಮಸಭೆಯಲ್ಲಿ ಕೇಳಿ, ಜಮಾಬಂದಿಯಲ್ಲಿ ಅರ್ಜಿ ಕೊಟ್ಟು ಕೇಳಿ, ವೋಟು ಕೇಳಲು ಬಂದವರನ್ನೂ ಕೇಳಿ. ಸರ್ಕಾರ ತಾನೇ ಬರೆದುಕೊಂಡ ಸಂಗತಿಗೆ ಜನರಿಂದ ಪುರಾವೆ ಕೇಳುವುದು ನಿಲ್ಲಬೇಕು.